‘ಹಂದರ ಸಡಿಲ, ದೃಷ್ಟಿಕೋನ ಗೊಂದಲ, ಆಶಯ ವಾಚ್ಯ’ – ಹಾಗಂದ್ರೆ ಏನು?

ಮೊದಲ_ಕತೆ:
ಎಲ್ಲರಿಗೂ ನಮಸ್ಕಾರ. ಒಂದು ಪತ್ರಿಕೆಗೆ ಕತೆ ಕಳಿಸಿದ್ದೆ. ನಾಲ್ಕು ತಿಂಗಳ ಮೇಲೆ ವಾಪಸ್ ಬಂತು. ಜೊತೆಗೆ ಒಂದೇ ಸಾಲು: "ಹಂದರ ಸಡಿಲ, ದೃಷ್ಟಿಕೋನ ಗೊಂದಲ, ಆಶಯ ವಾಚ್ಯವಾಗಿದೆ." ವಾಪಸ್ ಬಂದದ್ದಕ್ಕೆ ಬೇಜಾರಿಲ್ಲ. (ಸುಳ್ಳು. ಇದೆ.) ಆದರೆ ಅದಕ್ಕಿಂತ ಜಾಸ್ತಿ ಬೇಜಾರು ಈ ಸಾಲೇ ನನಗೆ ಅರ್ಥವಾಗಲಿಲ್ಲ ಅನ್ನೋದು. ಶಾಲೆಯಲ್ಲಿ ಉಪಮೆ, ರೂಪಕ ಎಲ್ಲ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಸಂಜೆಗೇ ಮರೆತೆ. ದೃಷ್ಟಿಕೋನ ಗೊಂದಲ ಅಂದರೆ ನನ್ನ ಅಭಿಪ್ರಾಯಗಳೇ ಸರಿಯಿಲ್ಲ ಅಂತಿದ್ದಾರಾ? ಹಾಗಂತಲೇ ಎರಡು ದಿನ ಕೊರಗಿದೆ.

ದಯವಿಟ್ಟು ಪದಗಳ ಪಟ್ಟಿ ಕೊಡಬೇಡಿ, ಪಟ್ಟಿ ಬೇಕಾದಷ್ಟು ಸಿಕ್ಕಿವೆ. ಕತೆಯ ಕೊನೆಯ ತುಂಡು ಇಲ್ಲಿ ಹಾಕುತ್ತೇನೆ. ಎಲ್ಲಿ ಏನಾಗಿದೆ ಅಂತ ಬೆರಳಿಟ್ಟು ತೋರಿಸಿ. ಅಮ್ಮ ತೀರಿಕೊಂಡ ಮೇಲೆ ಅಣ್ಣ-ತಂಗಿ ಮನೆ ಖಾಲಿ ಮಾಡುತ್ತಿದ್ದಾರೆ, ಅಷ್ಟೇ ಹಿನ್ನೆಲೆ.

"ಅಣ್ಣ ಟ್ರಂಕಿನ ಬೀಗವನ್ನು ಎಳೆದು ನೋಡಿದ. ಅವನಿಗೆ ತುಂಬಾ ಸಿಟ್ಟು ಬಂದಿತ್ತು. ಅಮ್ಮ ಇಷ್ಟು ವರ್ಷ ತನ್ನಿಂದ ಏನನ್ನು ಮುಚ್ಚಿಟ್ಟಳು ಎಂದು ಯೋಚಿಸಿದ. ತಂಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಕೋಟಿನ ಬಲ ಜೇಬಿನಲ್ಲಿ ಕೀಲಿ ಇತ್ತು. ಅವಳ ಎದೆ ಡೋಲಿನ ಹಾಗೆ ಬಡಿದುಕೊಳ್ಳುತ್ತಿತ್ತು, ಮನಸ್ಸು ಬಿರುಗಾಳಿಗೆ ಸಿಕ್ಕ ದೋಣಿಯಂತಾಗಿತ್ತು. ಕೀಲಿ ಕೊಟ್ಟರೆ ಅಣ್ಣ ಅಮ್ಮನನ್ನು ದ್ವೇಷಿಸುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಅಣ್ಣ ಸುತ್ತಿಗೆ ತರಲು ಹೋದ. ಪ್ರತಿಯೊಬ್ಬರಿಗೂ ಒಂದು ಗುಟ್ಟು ಇರುತ್ತದೆ, ಅದನ್ನು ಗೌರವಿಸುವುದೇ ಪ್ರೀತಿ."

ತಿದ್ದುಪಡಿ:
ಮೊದಲಿಗೆ ಒಂದು ಮಾತು. ಆ ಸಂಪಾದಕರು ನಿಮ್ಮ ಕತೆಯನ್ನು ಪೂರ್ತಿ ಓದಿದ್ದಾರೆ. ಸುಮ್ನೆ ವಾಪಸ್ ಕಳಿಸುವವರು ಮೂರು ಕಾಯಿಲೆಗೆ ಮೂರು ಹೆಸರು ಬರೆಯುವುದಿಲ್ಲ.

ದೃಷ್ಟಿಕೋನದಿಂದ ಶುರು ಮಾಡುತ್ತೇನೆ, ಯಾಕೆಂದರೆ ನಾನು ತಿದ್ದಿದ ಮೊದಲ ಕತೆಗಳಲ್ಲಿ ಜಾಸ್ತಿ ಮುಗ್ಗರಿಸುವುದು ಅಲ್ಲೇ. ಅಭಿಪ್ರಾಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ ಬಳಸುವುದರಿಂದ ಬಂದ ಫಜೀತಿ. ಕತೆಯಲ್ಲಿ ದೃಷ್ಟಿಕೋನ ಅಂದರೆ ಇದನ್ನೆಲ್ಲ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಅನ್ನೋದು.

ನಿಮ್ಮ ತುಂಡನ್ನೇ ನೋಡಿ. "ಸಿಟ್ಟು ಬಂದಿತ್ತು" – ನಾವು ಅಣ್ಣನ ತಲೆಯೊಳಗಿದ್ದೇವೆ. "ಯೋಚಿಸಿದ" – ಅಲ್ಲೇ ಇದ್ದೇವೆ. "ತಂಗಿ ಬಾಗಿಲಲ್ಲಿ ನಿಂತಿದ್ದಳು" – ಸರಿ, ಅಣ್ಣನೇ ತಿರುಗಿ ನೋಡಿರಬಹುದು. ಮುಂದಿನ ವಾಕ್ಯದಲ್ಲಿ "ಜೇಬಿನಲ್ಲಿ ಕೀಲಿ ಇತ್ತು". ಇದು ಅಣ್ಣನಿಗೆ ಗೊತ್ತೇ ಇಲ್ಲ! ಹಾಗಾದರೆ ಈ ವಾಕ್ಯ ಯಾರದು? ಅಲ್ಲಿಂದ ಮುಂದೆ ಪೂರ್ತಿ ತಂಗಿಯ ಎದೆ, ತಂಗಿಯ ಮನಸ್ಸು. ನಡುವೆ ಒಂದು ಖಾಲಿ ಸಾಲೂ ಇಲ್ಲದೆ ಓದುಗನನ್ನು ಒಂದು ತಲೆಯಿಂದ ಇನ್ನೊಂದು ತಲೆಗೆ ಎತ್ತಿ ಹಾಕಿದ್ದೀರಿ. ಓದುವವರಿಗೆ ಏನೋ ಎಡವಿದಂತಾಗುತ್ತದೆ, ಎಲ್ಲಿ ಅಂತ ಹೇಳಲು ಬರುವುದಿಲ್ಲ. ಹೆಸರು ಗೊತ್ತಿದ್ದರೆ ಹೇಳಲು ಬರುತ್ತದೆ.

ಸುಮ್ನೆ_ಓದುಗ:
ಎಲ್ಲರ ಮನಸ್ಸನ್ನೂ ಹೇಳುವ ದೊಡ್ಡ ದೊಡ್ಡ ಕಾದಂಬರಿಗಳೇ ಇವೆಯಲ್ಲ. ಅವೆಲ್ಲ ತಪ್ಪಾ?

ತಿದ್ದುಪಡಿ:
ಖಂಡಿತ ತಪ್ಪಲ್ಲ. ಅದು ಸರ್ವಜ್ಞ ನಿರೂಪಕ. ಎಲ್ಲ ಬಲ್ಲವನು, ಎಲ್ಲಿಗೆ ಬೇಕಾದರೂ ಹೋಗುವವನು. ಆದರೆ ಅವನು ಮೊದಲ ಪುಟದಿಂದಲೇ ಅಲ್ಲಿರಬೇಕು, ಅವನಿಗೆ ತನ್ನದೇ ಒಂದು ಮಾತಿನ ಧಾಟಿ ಇರಬೇಕು. ಇಲ್ಲಿ ಅಂಥವನು ಕಾಣಿಸುತ್ತಿಲ್ಲ. ಅಣ್ಣನ ಹೆಗಲ ಮೇಲೆ ಕೂತಿದ್ದ ಕ್ಯಾಮೆರಾ ಬೇಜಾರಾಗಿ ತಂಗಿಯ ಹೆಗಲಿಗೆ ಹಾರಿದೆ, ಅಷ್ಟೇ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೇಳುವವರು ಬೇರೆ, ನೋಡುವವರು ಬೇರೆ ಇರಬಹುದು. ಜೆರಾರ್ ಜೆನೆಟ್ ಅನ್ನುವ ಫ್ರೆಂಚ್ ವಿಮರ್ಶಕ 1972ರಲ್ಲಿ ಇದನ್ನು ಬಿಡಿಸಿಟ್ಟ: ಯಾರು ಮಾತಾಡುತ್ತಿದ್ದಾರೆ ಅನ್ನೋದು ಒಂದು ಪ್ರಶ್ನೆ, ಯಾರು ನೋಡುತ್ತಿದ್ದಾರೆ ಅನ್ನೋದು ಇನ್ನೊಂದು ಪ್ರಶ್ನೆ. ಐದು ವರ್ಷದ ಮಗುವಿನ ಕಣ್ಣಿಗೆ ಕಂಡದ್ದನ್ನು, ಆ ಮಗುವಿಗೆ ಗೊತ್ತಿಲ್ಲದ ಪದಗಳಲ್ಲಿ, ಒಬ್ಬ ದೊಡ್ಡ ನಿರೂಪಕ ಹೇಳಬಹುದು. ಕಣ್ಣು ಮಗುವಿನದು, ಮಾತು ನಿರೂಪಕನದು. ಇವೆರಡನ್ನೂ ‘ದೃಷ್ಟಿಕೋನ’ ಅಂತ ಒಂದೇ ಚೀಲಕ್ಕೆ ತುಂಬಿದರೆ ತಿದ್ದುವಾಗ ಕೈಗೆ ಏನೂ ಸಿಗುವುದಿಲ್ಲ.

ಮೊದಲ_ಕತೆ:
ಅಯ್ಯೋ, ನೀವು ಹೇಳಿದ ಮೇಲೆ ಅದೇ ಕಾಣಿಸುತ್ತಿದೆ. ಈಗ ನಾನು ಒಬ್ಬರನ್ನು ಆರಿಸಬೇಕಾ? ಅಣ್ಣನನ್ನಾ, ತಂಗಿಯನ್ನಾ?

ನಾಟಕದ_ಹುಚ್ಚು:
ಇಡೀ ಕತೆ ನಿಂತಿರುವುದೇ ಆ ಪ್ರಶ್ನೆಯ ಮೇಲೆ. ಅಣ್ಣನ ಕಣ್ಣಿನಿಂದ ಹೇಳಿದರೆ ಕೀಲಿಯ ವಿಷಯ ನಮಗೆ ಗೊತ್ತಾಗುವುದಿಲ್ಲ. ಕೊನೆಗೆ ಅವಳ ಜೇಬಿಂದ ಕೀಲಿ ಬಿದ್ದರೆ ಅದು ಅಚ್ಚರಿ. ತಂಗಿಯ ಕಣ್ಣಿನಿಂದ ಹೇಳಿದರೆ ಕೀಲಿ ಎಲ್ಲಿದೆ ಅಂತ ನಮಗೆ ಮೊದಲೇ ಗೊತ್ತು, ಅಣ್ಣನಿಗೆ ಮಾತ್ರ ಗೊತ್ತಿಲ್ಲ. ಅವನು ಸುತ್ತಿಗೆ ಹುಡುಕುವ ಒಂದೊಂದು ನಿಮಿಷವೂ ನಮಗೆ ಹಿಂಸೆ.

ಪ್ರೇಕ್ಷಕರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದೆ ಹುಟ್ಟುವ ಈ ಸ್ಥಿತಿಗೆ ನಾಟಕೀಯ ವ್ಯಂಗ್ಯ ಅಂತ ಹೆಸರು. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಕೊಟ್ಟ ಬಾಂಬಿನ ಉದಾಹರಣೆ ಕೇಳಿರುತ್ತೀರಿ. ಮೇಜಿನ ಕೆಳಗೆ ಬಾಂಬ್ ಇದೆ, ನಮಗೆ ಗೊತ್ತಿಲ್ಲ, ಢಮ್ ಅಂತ ಸಿಡಿಯಿತು – 15 ಸೆಕೆಂಡಿನ ಬೆಚ್ಚು. ಬಾಂಬ್ ಇಟ್ಟದ್ದನ್ನು ಮೊದಲೇ ತೋರಿಸಿ, ಆಮೇಲೆ ಅದೇ ಮೇಜಿನ ಸುತ್ತ ಕೂತು ಮಾಮೂಲಿ ಹರಟೆ ಹೊಡೆಯಲಿ – 15 ನಿಮಿಷ ಉಸಿರು ಬಿಗಿಹಿಡಿಯುತ್ತೀರಿ. ಹರಟೆ ಎಷ್ಟು ಸಪ್ಪೆಯಾಗಿದ್ದರೆ ಅಷ್ಟು ಒಳ್ಳೆಯದು. ನಿಮ್ಮ ಕೀಲಿಯೇ ಆ ಬಾಂಬು. ನನ್ನ ಓಟು ತಂಗಿಗೆ.

ಸುಮ್ನೆ_ಓದುಗ:
ನನ್ನ ಓಟು ಅಣ್ಣನಿಗೆ. ಕೊನೆಯ ಸಾಲಲ್ಲಿ ಬೆಚ್ಚಿಬೀಳುವುದು ನನಗೆ ಇಷ್ಟ, ಏನು ಮಾಡಲಿ.

ಇಲ್ಲಾಂದ್ರೆ ಹೀಗೆ ಮಾಡಬಹುದಲ್ಲ? ತಂಗಿಯೇ "ನಾನು" ಅಂತ ಹೇಳಲಿ. ಆದರೆ ಕೀಲಿಯ ವಿಷಯ ಮಾತ್ರ ಓದುಗನಿಗೆ ಹೇಳದೆ ಮುಚ್ಚಿಡಲಿ. ಕೊನೆಗೆ ತೆಗೆದು ತೋರಿಸಲಿ. ನಂಬಲಾಗದ ನಿರೂಪಕಿ ಅಂತಾರಲ್ಲ, ಅದು.

ತಿದ್ದುಪಡಿ:
ಅದು ನಂಬಲಾಗದ ನಿರೂಪಕಿ ಅಲ್ಲ, ಮೋಸ. 🙂

ಆ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ವಿಮರ್ಶಕ ವೇನ್ ಬೂತ್, 1961ರಲ್ಲಿ. ನಿರೂಪಕಿ ಹೇಳುವುದಕ್ಕೂ ಕತೆ ಒಟ್ಟಾರೆ ಒಪ್ಪುವುದಕ್ಕೂ ನಡುವೆ ಸಂದು ಇದ್ದಾಗ ಆ ಮಾತು ಬಳಸಿದರು. ಅಂದರೆ ಓದುಗನಿಗೆ ಆ ಸಂದು ಕಾಣಿಸಬೇಕು. "ಕೀಲಿ ಎಲ್ಲಿ ಹೋಯಿತೋ ನನಗೇನು ಗೊತ್ತು" ಅನ್ನುವವಳು ಪ್ಯಾರಾಕ್ಕೆ ಎರಡು ಸಲ ಜೇಬು ಮುಟ್ಟಿ ನೋಡಿಕೊಂಡರೆ, ಓದುಗನಿಗೆ ಅನುಮಾನ ಬರುತ್ತದೆ. ಕೊನೆಗೆ ಕೀಲಿ ಹೊರಬಂದಾಗ "ಛೇ, ಅಲ್ಲೇ ಇತ್ತಲ್ಲ" ಅನಿಸುತ್ತದೆ. ಸುಳಿವೇ ಕೊಡದೆ ಮುಚ್ಚಿಟ್ಟರೆ ಮುಚ್ಚಿಟ್ಟಿದ್ದು ತಂಗಿ ಅಲ್ಲ, ಕತೆಗಾರರು.

ಮೊದಲ_ಕತೆ:
ತಂಗಿಯನ್ನೇ ಹಿಡಿಯುತ್ತೇನೆ. "ನಾನು" ಬೇಡ, "ಅವಳು" ಅಂತಲೇ, ಆದರೆ ಅವಳಿಗೆ ಕಂಡದ್ದು ಮಾತ್ರ. ಸರಿ ತಾನೇ? ಈಗ ಮೂರನೆಯದು ಹೇಳಿ, ಆಶಯ ವಾಚ್ಯ ಅಂದರೆ? ವಾಚ್ಯ ಅಂದರೆ ಓದಬಹುದಾದದ್ದು ಅಂತ ನಾನು ಖುಷಿಪಟ್ಟಿದ್ದೆ.

ಹಳೇ_ಮೇಷ್ಟ್ರು:
ನಿಮ್ಮ ಖುಷಿ ಕೆಡಿಸುವುದಕ್ಕೆ ಕ್ಷಮಿಸಿ. ಓದಲು ಬರುವಂಥದ್ದು ಅಂದರೆ ವಾಚನೀಯ. ವಾಚ್ಯ ಅಂದರೆ ಬಾಯಿಬಿಟ್ಟು ಹೇಳಿದ್ದು. ವಿಮರ್ಶಕರು "ವಾಚ್ಯವಾಯಿತು" ಅಂದರೆ ಅದು ಬೈಗುಳ.

ಇದರ ಬೇರು ಹಳೆಯದು. ಅಲಂಕಾರಶಾಸ್ತ್ರದಲ್ಲಿ, ಅಂದರೆ ಸಂಸ್ಕೃತದ ಹಳೆಯ ಕಾವ್ಯಚಿಂತನೆಯಲ್ಲಿ, ಒಂದು ಮಾತಿಗೆ ವಾಚ್ಯ (ನೇರವಾಗಿ ಹೇಳಿದ್ದು), ಲಕ್ಷ್ಯ (ನೇರ ಅರ್ಥ ಹೊಂದದಾಗ ಹಿಡಿಯುವುದು), ವ್ಯಂಗ್ಯ (ಹೇಳದೆ ಹೊಳೆಯುವುದು) ಅಂತ ಮೂರು ಬಗೆಯ ಅರ್ಥ ಹೇಳುತ್ತಾರೆ. "ಸೂರ್ಯ ಮುಳುಗಿದ" ಅನ್ನುವುದು ಅವರದೇ ಹಳೆಯ ಉದಾಹರಣೆ. ವಾಚ್ಯಾರ್ಥ ಅಷ್ಟೇ, ಸೂರ್ಯ ಮುಳುಗಿದ. ಆದರೆ ಅದನ್ನು ದನ ಕಾಯುವವನಿಗೆ ಹೇಳಿದರೆ ಮನೆಗೆ ಹೊಡೆದುಕೊಂಡು ಹೋಗೋಣ ಅಂತ. ಕಳ್ಳನಿಗೆ ಹೇಳಿದರೆ ಕೆಲಸ ಶುರು ಮಾಡೋಣ ಅಂತ. ಇನಿಯನಿಗಾಗಿ ಕಾದವಳಿಗೆ ಹೇಳಿದರೆ ಅವನು ಬರುವ ಹೊತ್ತಾಯಿತು ಅಂತ. ಮಾತು ಒಂದೇ, ಹೊಳೆಯುವುದು ಬೇರೆ ಬೇರೆ. ಹೀಗೆ ಹೇಳದೆ ಹೊಳೆಯುವುದಕ್ಕೆ ಧ್ವನಿ ಅಂತ ಹೆಸರು. ಒಂಬತ್ತನೇ ಶತಮಾನದಲ್ಲಿ ಆನಂದವರ್ಧನ ಕಾವ್ಯದ ಆತ್ಮವೇ ಧ್ವನಿ ಅಂದ.

ನಿಮ್ಮ ಕೊನೆಯ ವಾಕ್ಯ, ಗುಟ್ಟನ್ನು ಗೌರವಿಸುವುದೇ ಪ್ರೀತಿ ಅನ್ನೋದು, ಧ್ವನಿಸಬೇಕಾದ್ದನ್ನು ಬಾಯಿಬಿಟ್ಟು ಹೇಳಿಬಿಟ್ಟಿದೆ. ಓದುಗನಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಕೆಲಸ ಇಲ್ಲದ ಓದುಗ ಆಕಳಿಸುತ್ತಾನೆ.

ಇನ್ನೊಂದು ಇದೆ. "ಅವನಿಗೆ ತುಂಬಾ ಸಿಟ್ಟು ಬಂದಿತ್ತು." ಇದಕ್ಕೂ ಒಂದು ಹೆಸರಿದೆ, ಕೇಳಿದರೆ ನಗು ಬರಬಹುದು: ಸ್ವಶಬ್ದವಾಚ್ಯತೆ. ಭಾವವನ್ನು ಅದರ ಹೆಸರು ಹಿಡಿದೇ ಕರೆಯುವುದು. ಹನ್ನೊಂದನೇ ಶತಮಾನದ ಮಮ್ಮಟ ಇದನ್ನು ರಸದೋಷಗಳ, ಅಂದರೆ ಓದುಗ ಭಾವ ಸವಿಯುವುದನ್ನು ಕೆಡಿಸುವ ತಪ್ಪುಗಳ, ಸಾಲಿನಲ್ಲಿ ಇಟ್ಟಿದ್ದಾನೆ. ‘ಹೇಳಬೇಡಿ, ತೋರಿಸಿ’ ಅಂತ ಈಗಿನ ಬರವಣಿಗೆ ಶಿಬಿರಗಳಲ್ಲಿ ಹೇಳುವುದು ಏನು ಹೊಸದಲ್ಲ. ನಾಟ್ಯಶಾಸ್ತ್ರದ ಭರತನ ಪ್ರಕಾರ ರಸ ಬರುವುದು ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳು ಸೇರಿದಾಗ. ಸರಳವಾಗಿ ಹೇಳುತ್ತೇನೆ. ಬೀಗ ಹಾಕಿದ ಟ್ರಂಕ್ ವಿಭಾವ, ಸಿಟ್ಟು ಬರಿಸಿದ ಕಾರಣ. ಅಣ್ಣನ ಕೈ ಮಾಡುವ ಕೆಲಸ ಅನುಭಾವ, ಸಿಟ್ಟು ಹೊರಗೆ ಕಾಣುವ ರೀತಿ. ನಡುವೆ ಬಂದು ಹೋಗುವ ಸಣ್ಣ ಭಾವಗಳು, ಅನುಮಾನ, ನಾಚಿಕೆ, ಆಯಾಸ, ಇವು ವ್ಯಭಿಚಾರಿ. ಕಾರಣ ತೋರಿಸಿ, ಕೈ ತೋರಿಸಿ. ಸಿಟ್ಟು ಅನ್ನುವ ಪದ ಓದುಗನ ಬಾಯಲ್ಲಿ ಬರಲಿ.

ನಾಟಕದ_ಹುಚ್ಚು:
ಮೇಷ್ಟ್ರೇ, ಹೊಸಬರು ಇಲ್ಲೇ ಕಂಗಾಲಾಗುವುದು. ವ್ಯಂಗ್ಯ ಅಂದರೆ ನಾನು ನಾಟಕೀಯ ವ್ಯಂಗ್ಯ ಅಂದೆ, ನೀವು ಧ್ವನಿಸುವ ಅರ್ಥ ಅಂದಿರಿ, ಹೊರಗೆ ಕುಟುಕು ಮಾತಿಗೂ ವ್ಯಂಗ್ಯ ಅಂತಾರೆ. ಧ್ವನಿ ಅಂದರೆ ಕತೆ ಹೇಳುವವರ ದನಿ ಅಂತಲೂ ಬಳಸುತ್ತಾರೆ.

ಹಳೇ_ಮೇಷ್ಟ್ರು:
ನಿಜ. ಆಶಯದ ಪಾಡೂ ಅದೇ. ಕತೆ ಒಟ್ಟಾರೆ ಹಿಡಿಯಲು ಹೊರಟಿದ್ದಕ್ಕೂ ಆಶಯ, ಜಾನಪದದವರು ಕತೆಯಿಂದ ಕತೆಗೆ ಸುತ್ತುವ ಚಿಕ್ಕ ಅಂಶಕ್ಕೂ (ಮಾತಾಡುವ ಪಕ್ಷಿ, ತೆರೆಯಬಾರದ ಕೋಣೆ) ಆಶಯ ಅಂತಾರೆ. ‘ವಸ್ತು’ ಕೂಡ ಹಾಗೇ ಒದ್ದಾಡುತ್ತದೆ. ಯಾರು ಯಾವ ಅರ್ಥದಲ್ಲಿ ಹೇಳುತ್ತಿದ್ದಾರೆ ಅಂತ ಕೇಳಿಬಿಡುವುದು ಒಳ್ಳೆಯದು, ನಾಚಿಕೆ ಬೇಡ.

ಮೊದಲ_ಕತೆ:
ಹಾಗಾದರೆ ನನ್ನ ಕತೆಯ ಆಶಯ ಏನು? ಆ ಸಾಲು ತೆಗೆದುಬಿಟ್ಟರೆ ಕತೆಗೆ ಆಶಯವೇ ಇರುವುದಿಲ್ಲವಲ್ಲ!

ತಿದ್ದುಪಡಿ:
ವಿಷಯ: ಗುಟ್ಟು. ಒಂದೇ ಪದ ಸಾಕು. ಆಶಯ: ಆ ಗುಟ್ಟಿನ ಬಗ್ಗೆ ನಿಮ್ಮ ಕತೆ ಏನನ್ನು ತಡಕಾಡುತ್ತಿದೆ ಅನ್ನೋದು. ಅದು ಉತ್ತರವೇ ಆಗಬೇಕಿಲ್ಲ, ಪ್ರಶ್ನೆಯೂ ಆಗಬಹುದು. ಸತ್ತವರ ಗುಟ್ಟು ಕಾಯುವ ಹಕ್ಕು ಬದುಕಿರುವವರಿಗೆ ಯಾರು ಕೊಟ್ಟರು? ನನಗೆ ನಿಮ್ಮ ತುಂಡಿನಲ್ಲಿ ಕೇಳಿಸಿದ್ದು ಅದು. ನೀತಿ ಅಂದರೆ ನೀವು ಕೊನೆಗೆ ಅಂಟಿಸಿದ ಚೀಟಿ. ಚೀಟಿ ಕಿತ್ತರೂ ಆಶಯ ಎಲ್ಲಿಗೂ ಹೋಗುವುದಿಲ್ಲ, ಟ್ರಂಕಿನ ಒಳಗೇ ಇದೆ.

ಕವಿತೆ_ಮಾತ್ರ:
ನಾನು ಒಂದೇ ವಾಕ್ಯದ ಬಗ್ಗೆ ಹೇಳಬೇಕು. ಎದೆ ಡೋಲು, ಮನಸ್ಸು ದೋಣಿ. ಒಂದೇ ಹುಡುಗಿಯೊಳಗೆ ಒಂದು ಕಡೆ ಮೆರವಣಿಗೆ, ಇನ್ನೊಂದು ಕಡೆ ಸಮುದ್ರ. ಎರಡೂ ಉಪಮೆಯೇ. ‘ಹಾಗೆ’, ‘ಅಂತೆ’ ಬಂದರೆ ಉಪಮೆ, ಅದಿಲ್ಲದೆ ಅದೇ ಇದು ಅಂದರೆ ರೂಪಕ. ಇದು ಎಲ್ಲರಿಗೂ ಗೊತ್ತು, ಇದರಲ್ಲಿ ಹೆಚ್ಚೇನೂ ಇಲ್ಲ.

ಮುಖ್ಯ ವಿಷಯ ಬೇರೆ. ಹೋಲಿಕೆ ಎಲ್ಲಿಂದ ಬರುತ್ತದೆ? ನೀವು ಈಗ ತಂಗಿಯ ಕಣ್ಣಿನಿಂದ ನೋಡುತ್ತೀರಿ ಅಂದಿರಿ. ಹಾಗಾದರೆ ಹೋಲಿಕೆಯೂ ಅವಳ ಬದುಕಿಂದಲೇ ಬರಬೇಕು. ಅವಳು ದೋಣಿ ಹತ್ತಿದ್ದಾಳಾ? ಅವಳು ಹೊಲಿಗೆ ಮಾಡುವವಳಾದರೆ ಸೂಜಿ ದಾರ ಬರಲಿ, ಲೆಕ್ಕ ಬರೆಯುವವಳಾದರೆ ಹೊಂದದ ಅಂಕಿ ಬರಲಿ. ಒಂದು ಹೋಲಿಕೆಯಿಂದ ಪಾತ್ರದ ಅರ್ಧ ಪರಿಚಯ ಆಗಿಬಿಡುತ್ತದೆ. ಅಂಥದ್ದು ಸಿಗದಿದ್ದರೆ ಹೋಲಿಕೆಯೇ ಬೇಡ.

ಮತ್ತೆ, ಕೀಲಿಯನ್ನು ಸಂಕೇತ ಮಾಡಲು ಹೋಗಬೇಡಿ ದಯವಿಟ್ಟು. ಅದು ತಣ್ಣಗಿರಲಿ, ಹಲ್ಲು ಸವೆದಿರಲಿ, ಬೆರಳಿಗೆ ಲೋಹದ ವಾಸನೆ ಹತ್ತಲಿ. ಇಂದ್ರಿಯಕ್ಕೆ ಸಿಕ್ಕರೆ ಪ್ರತಿಮೆ. ಕತೆ ಮುಗಿದ ಮೇಲೂ ಅದು ಓದುಗನ ತಲೆಯಲ್ಲಿ ಬೇರೇನನ್ನೋ ಹೊತ್ತು ನಿಂತರೆ ತಾನಾಗಿಯೇ ಸಂಕೇತ ಆಗುತ್ತದೆ. ಮೊದಲು ಬೀಗ ತೆಗೆಯುವ ಕೀಲಿ ಆಗಲಿ.

ಸುಮ್ನೆ_ಓದುಗ:
ಒಂದು ಮಾತು ಕೇಳಲಾ? ಇಷ್ಟೆಲ್ಲ ಪದ ಇಲ್ಲದೆಯೂ ಜನ ಸಾವಿರಾರು ವರ್ಷ ಕತೆ ಹೇಳಿದ್ದಾರೆ. ನನಗೆ ಓದುವಾಗ ಹಂದರ, ದೃಷ್ಟಿಕೋನ ಇವೆಲ್ಲ ಕಾಣಿಸಿಬಿಟ್ಟರೆ ಆ ಕತೆ ಅಲ್ಲೇ ಸೋತಿತು. ಜಗಳಕ್ಕೆ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹಳೇ_ಮೇಷ್ಟ್ರು:
ಓದುವಾಗ ಕಾಣಿಸಬಾರದು, ಒಪ್ಪುತ್ತೇನೆ. ಬರೆಯುವ ಮೊದಲ ಕರಡಿನಲ್ಲೂ ಬೇಡ. ಎರಡನೇ ಕರಡಿಗೆ ಬೇಕು. ಕವಿರಾಜಮಾರ್ಗದ ವಿಷಯ ಗೊತ್ತಲ್ಲ, ಸುಮಾರು 850ರ ಹೊತ್ತಿನದು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ. ಆ ಮೊದಲ ಪುಸ್ತಕವೇ ಕತೆಯಲ್ಲ, ಹೇಗೆ ಬರೆಯಬೇಕು ಅನ್ನುವುದರ ಬಗ್ಗೆ. ಅದರಲ್ಲಿ ಮೂರು ಭಾಗ. ಅಲಂಕಾರಗಳು ಬರುವುದು ಎರಡನೆಯದು, ಮೂರನೆಯದರಲ್ಲಿ. ಮೊದಲ ಭಾಗ ದೋಷಗಳದ್ದು! ಚಂದ ಮಾಡುವುದು ಆಮೇಲೆ, ಮೊದಲು ಕೆಟ್ಟಿರುವುದು ಎಲ್ಲಿ ಅಂತ ಹುಡುಕು. ಈ ಹೆಸರುಗಳು ಇರುವುದು ಅದಕ್ಕೇ ಅಂತ ನನಗೆ ಅನಿಸುತ್ತದೆ. ಶಾಲೆಯಲ್ಲಿ ನಾವೇ ಅದನ್ನು ತಿರುಗಾಮುರುಗಾ ಮಾಡಿ, "ಈ ಸಾಲಿನಲ್ಲಿರುವ ಅಲಂಕಾರವನ್ನು ಹೆಸರಿಸಿ" ಅಂತ ಎರಡು ಅಂಕಕ್ಕೆ ಕೇಳುತ್ತಾ ಬಂದೆವು. ನಾನೂ ಕೇಳಿದ್ದೇನೆ, ಮೂವತ್ತು ವರ್ಷ.

ಮೊದಲ_ಕತೆ:
ಹಂದರ ಇನ್ನೂ ಬಾಕಿ ಇದೆ. ನನ್ನ ಕತೆಯ ಕ್ರಮ ಇದು: ಅಣ್ಣ ಬರುತ್ತಾನೆ. ಇಬ್ಬರೂ ಅಡುಗೆಮನೆ ಖಾಲಿ ಮಾಡುತ್ತಾರೆ. ಪುಸ್ತಕ ಕಟ್ಟುತ್ತಾರೆ. ಬಾಲ್ಯದ ಒಂದು ನೆನಪು ಬರುತ್ತದೆ. ಪಕ್ಕದ ಮನೆಯವರು ಬಂದು ಮಾತಾಡಿಸಿ ಹೋಗುತ್ತಾರೆ. ಕೊನೆಗೆ ಅಣ್ಣನಿಗೆ ಟ್ರಂಕ್ ಕಾಣಿಸುತ್ತದೆ.

ತಿದ್ದುಪಡಿ:
ಹಂದರ ಅಂದರೆ ಘಟನೆಗಳನ್ನು ಒಂದಕ್ಕೊಂದು ಕಟ್ಟಿರುವ ರೀತಿ. ನೀವು ಬರೆದದ್ದರ ನಡುವೆ ‘ಆಮೇಲೆ’ ಹಾಕಿ ಓದಿ. ಆಮೇಲೆ, ಆಮೇಲೆ, ಆಮೇಲೆ. ಎಲ್ಲ ಕಡೆ ಸಲೀಸಾಗಿ ಕೂರುತ್ತದೆ, ಅಲ್ವಾ? ಈಗ ಅದನ್ನು ತೆಗೆದು ‘ಅದಕ್ಕೇ’ ಹಾಕಿ. ಅಡುಗೆಮನೆ ಖಾಲಿ ಮಾಡಿದರು, ಅದಕ್ಕೇ ಪುಸ್ತಕ ಕಟ್ಟಿದರು? ಕೂರುವುದಿಲ್ಲ. ಸಡಿಲ ಅಂದದ್ದು ಇದನ್ನು.

ಇಂಗ್ಲಿಷ್ ಕಾದಂಬರಿಕಾರ ಫಾರ್ಸ್ಟರ್ 1927ರಲ್ಲಿ ಕೊಟ್ಟ ಉದಾಹರಣೆ ಇದಕ್ಕೇ. ರಾಜ ಸತ್ತ, ಆಮೇಲೆ ರಾಣಿ ಸತ್ತಳು ಅಂದರೆ ಬರೀ ಕತೆ. ರಾಜ ಸತ್ತ ದುಃಖಕ್ಕೆ ರಾಣಿಯೂ ಸತ್ತಳು ಅಂದರೆ ಅಲ್ಲಿ ಹಂದರ ಬಂತು. ಎರಡು ಸಾವಿನ ನಡುವೆ ಒಂದು ಕೊಂಡಿ ಬಿತ್ತು.

ಸುಮ್ನೆ_ಓದುಗ:
ಆದರೆ ನನಗೆ ಮೊದಲನೆಯದು ಓದಿದಾಗಲೂ ರಾಣಿ ದುಃಖಕ್ಕೇ ಸತ್ತಳು ಅನಿಸಿತು. ಯಾರೂ ಹೇಳದಿದ್ದರೂ.

ತಿದ್ದುಪಡಿ:
ನೀವು ಸುಮ್ನೆ ಓದುಗ ಅಲ್ಲ. ಫಾರ್ಸ್ಟರ್ ಮೇಲೆ ವಿಮರ್ಶಕರು ಎತ್ತಿದ ತಕರಾರೂ ಇದೇ. ಎರಡು ಸಂಗತಿ ಪಕ್ಕಪಕ್ಕ ಇಟ್ಟರೆ ಓದುಗರ ಮನಸ್ಸು ತಾನೇ ಕೊಂಡಿ ಹಾಕಿಕೊಳ್ಳುತ್ತದೆ. ಹಾಗಾಗಿಯೇ, ಕೊಂಡಿ ಹಾಕಿಕೊಳ್ಳಲು ಆಗದ ಅಡುಗೆಮನೆ-ಪುಸ್ತಕದಂಥ ಸಾಲು ಬಂದಾಗ ಅವರಿಗೆ ದಣಿವಾಗುತ್ತದೆ.

ನಾಟಕದ_ಹುಚ್ಚು:
ಇದಕ್ಕೆ ಪಿರಮಿಡ್ ಚಿತ್ರ ಬಿಡಿಸಿ ತೋರಿಸುವವರು ಬರುವ ಮೊದಲು ನಾನೇ ಹೇಳಿಬಿಡುತ್ತೇನೆ. ಅದು ಜರ್ಮನ್ ಲೇಖಕ ಗುಸ್ಟಾವ್ ಫ್ರೈಟಾಗ್ 1863ರಲ್ಲಿ ಮಾಡಿದ್ದು. ಅವನು ನೋಡುತ್ತಿದ್ದದ್ದು ಐದು ಅಂಕದ ನಾಟಕಗಳನ್ನು. ಪೀಠಿಕೆ, ಏರು, ತುದಿ, ಇಳಿ, ಕೊನೆಯ ದುರಂತ. ತುದಿ ಸರಿಯಾಗಿ ನಡುವೆ ಬರುತ್ತದೆ, ಅಲ್ಲಿಂದ ನಾಯಕ ಕೆಳಗೆ. ಅದನ್ನು ತಂದು ಮೂರು ಪುಟದ ಸಣ್ಣಕತೆಗೆ ಹೊದಿಸಿದರೆ ಅರ್ಧ ಕತೆ ಬರೀ ಇಳಿಜಾರು ಆಗುತ್ತದೆ.

ನಮ್ಮ ಸಂಸ್ಕೃತ ನಾಟಕದವರೂ ಐದೇ ಸಂಧಿ (ಕತೆಯ ಘಟ್ಟ) ಹೇಳಿದ್ದಾರೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಐದು ಐದು ಅಂತ ಎರಡನ್ನೂ ಒಂದೇ ಅನ್ನುವವರಿದ್ದಾರೆ. ಒಂದೇ ಅಲ್ಲ. ಇಲ್ಲಿ ನಡುವಿನ ಗರ್ಭದಲ್ಲಿ ಫಲ ಕೈಗೆ ಸಿಕ್ಕಂತಾಗಿ ತಪ್ಪುತ್ತದೆ, ಮತ್ತೆ ಹುಡುಕಾಟ. ಕೊನೆಗೆ ಬರುವುದು ಬೀಳುವಿಕೆ ಅಲ್ಲ, ಫಲಾಗಮ, ಅಂದರೆ ಹುಡುಕಿದ ಫಲ ಕೈಗೆ ಸಿಗುವುದು. ಆಕಾರ ಒಂದೇ ಥರ ಕಂಡರೂ ಓಟ ಬೇರೆ. ನನಗೇನೋ ನಿಮ್ಮ ಟ್ರಂಕಿಗೆ ಈ ಗರ್ಭದ ಲೆಕ್ಕವೇ ಜಾಸ್ತಿ ಹೊಂದುತ್ತದೆ ಅನಿಸುತ್ತದೆ. ಬೀಗ ಸಿಕ್ಕಿತು, ಕೀಲಿ ಸಿಗಲಿಲ್ಲ.

ತಿದ್ದುಪಡಿ:
ಸರಿ, ಮೊದಲ ಕತೆಯವರೇ, ಒಂದು ಪ್ರಯೋಗ ಮಾಡಿ ನೋಡಿ. ಟ್ರಂಕನ್ನು ಕೊನೆಯಿಂದ ತೆಗೆದು ಮೊದಲ ಪ್ಯಾರಾಕ್ಕೆ ಹಾಕಿ. ಅಣ್ಣ ಬಂದ ಕೂಡಲೇ ಅದನ್ನು ನೋಡುತ್ತಾನೆ. ತಂಗಿ ಹೇಳುತ್ತಾಳೆ, "ಮೊದಲು ಅಡುಗೆಮನೆ ಮುಗಿಸೋಣ." ಯಾಕೆ? ಅವನನ್ನು ಟ್ರಂಕಿನಿಂದ ದೂರ ಇಡಲು! ಅದು ಮುಗಿಯಿತು, ಅವನು ಮತ್ತೆ ಆ ಕಡೆ ಹೊರಟ. ಅದಕ್ಕೇ ಅವಳು ಪುಸ್ತಕ ತೆಗೆದು ಹರಡಿದಳು. ಅದಕ್ಕೇ ಹಳೆಯ ನೆನಪು ಕೆದಕಿದಳು. ಪಕ್ಕದ ಮನೆಯವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಬೇಕಂತಲೇ ಹತ್ತು ನಿಮಿಷ ಮಾತಾಡಿದಳು. ಒಂದೂ ಹೊಸ ಘಟನೆ ಸೇರಿಸಿಲ್ಲ ನೋಡಿ. ಅವೇ ಇಟ್ಟಿಗೆ. ಅವಳಿಗೆ ಏನೋ ಬೇಕು, ಅವನಿಗೆ ಅದರ ವಿರುದ್ಧವಾದದ್ದು ಬೇಕು, ಅಷ್ಟೇ ಸೇರಿದ್ದು. ಅದನ್ನೇ ಸಂಘರ್ಷ ಅನ್ನುವುದು. ಕೂಗಾಟ, ಹೊಡೆದಾಟ ಬೇಕಿಲ್ಲ.

ಮೊದಲ_ಕತೆ:
ಇದನ್ನು ಓದಿ ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ. ನಾಲ್ಕು ತಿಂಗಳು ಇದನ್ನು ನಾನೇ ಯಾಕೆ ನೋಡಲಿಲ್ಲ!

ಒಂದು ಅನುಮಾನ. ಅಣ್ಣ ಸುತ್ತಿಗೆ ತರಲು ಹೋದ ಅಂತ ಬರೆದು ಬಿಟ್ಟುಬಿಟ್ಟಿದ್ದೇನೆ. ಅವನು ವಾಪಸ್ ಬರಲೇಬೇಕಾ?

ನಾಟಕದ_ಹುಚ್ಚು:
ಚೆಕಾಫ್‌ನ ಬಂದೂಕು! ರಂಗದ ಮೇಲೆ ಗುಂಡು ತುಂಬಿದ ಬಂದೂಕು ಇಟ್ಟರೆ ಅದು ಸಿಡಿಯಬೇಕು, ಇಲ್ಲದಿದ್ದರೆ ಇಡಲೇಬೇಡಿ ಅನ್ನುವ ಅರ್ಥದಲ್ಲಿ ರಷ್ಯನ್ ಲೇಖಕ ಚೆಕಾಫ್ 1889ರಲ್ಲಿ ಒಂದು ಕಾಗದದಲ್ಲಿ ಬರೆದಿದ್ದ. ಸುತ್ತಿಗೆ ಅಂತ ಒಂದು ಸಲ ಬಂದ ಮೇಲೆ ಓದುಗ ಅದರ ಏಟಿಗೆ ಕಾಯುತ್ತಾನೆ.

ಆದರೆ ಸಿಡಿಯಬೇಕು ಅಂದರೆ ಬೀಗ ಒಡೆಯಲೇಬೇಕು ಅಂತಲ್ಲ. ಸುತ್ತಿಗೆ ಸಿಗದಿರುವುದೂ ಒಂದು ಕೆಲಸವೇ, ಯಾರೋ ಅದನ್ನು ಸಿಗದ ಹಾಗೆ ಮಾಡಿದ್ದರೆ.

ಸುಮ್ನೆ_ಓದುಗ:
ಅದೆಲ್ಲ ಇರಲಿ, ಟ್ರಂಕಿನಲ್ಲಿ ಏನಿದೆ? ನನಗೆ ಮೊದಲಿಂದ ಅದೊಂದೇ ತಲೆಯಲ್ಲಿರೋದು.

ಮೊದಲ_ಕತೆ:
ಹೇಳಲು ನಾಚಿಕೆ ಆಗುತ್ತದೆ. ನನಗೂ ಗೊತ್ತಿಲ್ಲ.

ತಿದ್ದುಪಡಿ:
ಹಾ! ಈಗ ಸಿಕ್ಕಿತು. ನೀವು ಕೊನೆಗೆ ಆ ನೀತಿಯ ಸಾಲು ಯಾಕೆ ಅಂಟಿಸಿದಿರಿ ಅಂತ ನನಗೆ ಈಗ ಗೊತ್ತಾಯಿತು. ಟ್ರಂಕ್ ಖಾಲಿ ಇತ್ತು, ಅದನ್ನು ಮುಚ್ಚಲು ಒಂದು ಮುಚ್ಚಳ ಬೇಕಿತ್ತು.

ಓದುಗರಿಗೆ ಹೇಳದಿದ್ದರೂ ನಡೆಯುತ್ತದೆ. ನಿಮಗೆ ಗೊತ್ತಿರಲೇಬೇಕು. ಕಾಗದಗಳಿದ್ದರೆ ತಂಗಿ ನಿಲ್ಲುವ ರೀತಿ ಬೇರೆ, ಬೇರೊಂದು ಮಗುವಿನ ಬಟ್ಟೆಗಳಿದ್ದರೆ ಬೇರೆ.

ಕವಿತೆ_ಮಾತ್ರ:
ನಾನು ಒಪ್ಪುವುದಿಲ್ಲ. ಬರೆಯುವವರಿಗೂ ಗೊತ್ತಿಲ್ಲದ ಒಂದು ಕತ್ತಲೆ ಕತೆಯಲ್ಲಿ ಇರಬೇಕು. ಎಲ್ಲ ಗೊತ್ತಿದ್ದರೆ ಬರೆಯುವುದು ಯಾಕೆ?

ತಿದ್ದುಪಡಿ:
ಕವಿತೆಯಲ್ಲಿ ಇರಲಿ. ಅಲ್ಲಿ ಯಾರ ಜೇಬಲ್ಲೂ ಕೀಲಿ ಇರುವುದಿಲ್ಲ.

ಕವಿತೆ_ಮಾತ್ರ:
ಇದಕ್ಕೆ ಬೇರೆ ಕಡೆ ಜಗಳ ಆಡೋಣ, ಇಲ್ಲಿ ಬೇಡ. 😄

ಮೊದಲ_ಕತೆ:
ಎರಡು ದಿನ ಆಯಿತು. ಟ್ರಂಕಿನಲ್ಲಿ ಏನಿದೆ ಅಂತ ಗೊತ್ತುಮಾಡಿಕೊಂಡೆ. ಇಲ್ಲಿ ಹೇಳುವುದಿಲ್ಲ. ಅದು ಗೊತ್ತಾದ ಮೇಲೆ ತಂಗಿ ಸುಳ್ಳು ಹೇಳಲು ಶುರು ಮಾಡಿದಳು, ನಾನು ಹೇಳಿಕೊಡಲಿಲ್ಲ. ಹೊಸ ಕರಡು:

"ಅಣ್ಣ ಬೀಗವನ್ನು ಎರಡು ಸಲ ಎಳೆದ. ಮೂರನೇ ಸಲ ಟ್ರಂಕೇ ಅವನ ಕಡೆಗೆ ಸರಿಯಿತು.
‘ಸುತ್ತಿಗೆ ಎಲ್ಲಿ?’
‘ಅಟ್ಟದ ಮೇಲಿರಬೇಕು,’ ಎಂದಳು.
ಸುತ್ತಿಗೆ ಅವನ ಬೆನ್ನ ಹಿಂದೆ, ಕಿಟಕಿಯ ಕಟ್ಟೆಯ ಮೇಲೇ ಇತ್ತು. ಅವನು ತಿರುಗಲಿಲ್ಲ. ಏಣಿ ಹತ್ತುವ ಸದ್ದು ಕೇಳಿಸಿತು, ಮೇಲೆ ಡಬ್ಬಗಳು ಉರುಳಿದವು. ಅವಳು ಕೋಟಿನ ಎಡ ಜೇಬಿಗೆ ಕೈ ಹಾಕಿದಳು. ಕೀಲಿಯ ಹಲ್ಲುಗಳನ್ನು ಎಣಿಸಿದಳು. ಐದು. ಮತ್ತೆ ಎಣಿಸಿದಳು.
‘ಇಲ್ಲಿಲ್ಲ ಕಣೇ,’ ಮೇಲಿನಿಂದ ಅಣ್ಣ ಕೂಗಿದ.
‘ಸರಿಯಾಗಿ ನೋಡು,’ ಎಂದಳು ಅವಳು. ಸುತ್ತಿಗೆಯನ್ನು ಎತ್ತಿ ಪುಸ್ತಕದ ಮೂಟೆಯೊಳಗೆ ತುರುಕಿ ಗಂಟು ಬಿಗಿದಳು."

ಹಳೇ_ಮೇಷ್ಟ್ರು:
ಸಿಟ್ಟು ಅನ್ನುವ ಪದ ಎಲ್ಲೂ ಇಲ್ಲ. ಟ್ರಂಕ್ ಸರಿಯಿತು, ಅಷ್ಟೇ. ಭೇಷ್.

ಕವಿತೆ_ಮಾತ್ರ:
ಹಲ್ಲು ಎಣಿಸಿದ್ದು! ಡೋಲು, ದೋಣಿ ಎರಡೂ ಹೋಗಿ ಐದು ಹಲ್ಲು ಬಂತು. ಎರಡನೇ ಸಲ ಎಣಿಸುತ್ತಾಳಲ್ಲ, ಅಲ್ಲಿ ನನ್ನ ಎದೆ ಹೊಡೆದುಕೊಂಡಿತು.

ನಾಟಕದ_ಹುಚ್ಚು:
ಸುತ್ತಿಗೆ ಪುಸ್ತಕದ ಮೂಟೆಗೆ ಹೋಯಿತು. ಪುಸ್ತಕ ಕಟ್ಟಿದ್ದಕ್ಕೂ ಈಗ ಕಾರಣ ಬಂತು, ನೋಡಿ.

ಸುಮ್ನೆ_ಓದುಗ:
ಚೆನ್ನಾಗಿದೆ. ಒಂದೇ ಒಂದು. ಮೊದಲ ಕರಡಿನಲ್ಲಿ ಕೀಲಿ ಬಲ ಜೇಬಿನಲ್ಲಿತ್ತು. ಈಗ ಎಡ ಜೇಬು. ಇದಕ್ಕೂ ಏನಾದರೂ ಹೆಸರಿದೆಯಾ?

ತಿದ್ದುಪಡಿ:
ಇದೆ. ಕಣ್ತಪ್ಪು.

ಮೊದಲ_ಕತೆ:
ಇಲ್ಲ, ಬೇಕಂತಲೇ. ಬಲಗೈಯಲ್ಲಿ ಅವಳು ಏನೋ ಹಿಡಿದಿದ್ದಾಳೆ. ಅದು ಹಿಂದಿನ ಪುಟದಲ್ಲಿ ಬರುತ್ತದೆ. (ಇನ್ನೂ ಬರೆದಿಲ್ಲ. ಈಗ ಬರೆಯಬೇಕು.)